ಸೈನ್ಯಕ್ಕೆ ಬುತ್ತಿ ಕಟ್ಟಿದ್ದು

ಲಂಡನ್ನಿಗೆ ಹೋಗಿ ಬಂದವರನ್ನು ನಮ್ಮ ಧಾರವಾಡದ ಓಣಿಯಲ್ಲಿ ಮೊದಲು ಕೇಳುವುದು, ರಾಣಿಯ ಅರಮನೆ ನೋಡಿದಿರಾ ಎಂದು. ರಾಣಿ ತೀರಿಕೊಂಡು ವರ್ಷಗಳಾದವು, ಓಣಿಗೆ ಅದಿನ್ನೂ ರಾಣಿಯ ಅರಮನೆಯೇ. ನಾನು ನೋಡಲಿಲ್ಲ. ಗಡಿಯಾರದ ಗೋಪುರವನ್ನು ಬಸ್ಸಿನ ಕಿಟಕಿಯಿಂದ ಅರ್ಧ ನೋಡಿದೆ, ಉಳಿದರ್ಧಕ್ಕೆ ಇನ್ನೊಂದು ಬಸ್ಸು ಅಡ್ಡ ಬಂತು. "ಹಂಗಾದ್ರ ಅಷ್ಟ ದೂರ ಹೋಗಿದ್ದರ ಯಾಕ್ರಿ?" ಎಂದು ಎದುರು ಮನೆಯ ಗಂಗಮ್ಮ ಕೇಳಿದರು. ಒಂದು ಸೈನ್ಯವನ್ನು ಅದರ ಊರಿಗೆ ಕಳಿಸಲು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಲಿನ ಪಾತ್ರೆ ತೆಗೆದುಕೊಂಡು ಒಳಗೆ ಹೋದರು.

ಹೇಳಿದ್ದು ಸುಳ್ಳಲ್ಲ. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಒಂದು ದೇಶದಲ್ಲಿ ಬೀಡುಬಿಟ್ಟ ಪರದೇಶದ ಸೈನ್ಯ ವಾಪಸು ಹೋಗುವುದಕ್ಕೆ ಯಾಕಿಷ್ಟು ಕಾಲ ಹಿಡಿಯುತ್ತದೆ ಎಂಬುದರ ಮೇಲೆ ಹಿಂದೊಮ್ಮೆ ಪುಸ್ತಕ ಬರೆದಿದ್ದೆ. ಅದನ್ನು ನಮ್ಮ ಮನೆಯವರು ಬಿಟ್ಟು ಯಾರೂ ಓದಿಲ್ಲ ಎಂದುಕೊಂಡಿದ್ದೆ. ಮನೆಯವರೂ ಅರ್ಧಕ್ಕೇ ಬಿಟ್ಟಿದ್ದರೆಂದು ಆಮೇಲೆ ಗೊತ್ತಾಯಿತು. ಲಂಡನ್ನಿನಲ್ಲಿ ಯಾರೋ ಪೂರ್ತಿ ಓದಿದ್ದರು. ಜಗಳವಿರುವ ದೇಶಗಳವರನ್ನು ಸದ್ದಿಲ್ಲದೆ ಕರೆದು ಕೂರಿಸಿ ಮಾತಾಡಿಸುವ ಒಂದು ಸಂಸ್ಥೆ ಅದು. ಎರಡು ದೇಶದವರು ಬರುತ್ತಾರೆ, ಇಬ್ಬರ ನಡುವೆ ಕೂರಲು ಹೊರಗಿನವರು ಕೆಲವರು ಬೇಕು, ಬರುತ್ತೀರಾ ಎಂದು ಕೇಳಿದರು. ಹೋದೆ.

ದೇಶಗಳ ಹೆಸರು ಹೇಳುವಂತಿಲ್ಲ, ಯಾರು ಏನೆಂದರು ಎಂದು ಹೆಸರು ಹಿಡಿದು ಬರೆಯುವಂತೆಯೂ ಇಲ್ಲ. ಆ ಷರತ್ತಿಗೆ ಒಪ್ಪಿ ಬಂದಿದ್ದೇನೆ. ಆದ್ದರಿಂದ ಸೈನ್ಯದವರ ಕಡೆಯ ಹಿರಿಯರನ್ನು ಜನರಲ್ ಸಾಹೇಬರು ಎನ್ನುತ್ತೇನೆ. ಸೈನ್ಯ ಯಾವ ದೇಶದಲ್ಲಿ ಕೂತಿತ್ತೋ ಆ ದೇಶದ ಹೆಣ್ಣುಮಗಳನ್ನು ಅಮೀನಾ ಎನ್ನುತ್ತೇನೆ, ಅದು ಅವರ ಹೆಸರಲ್ಲ. ಅಲ್ಲಿ ಎಲ್ಲರೂ ಆಡಿದ್ದು ಇಂಗ್ಲಿಷು, ನನಗೆ ಕೇಳಿಸಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಈಸ್ಟ್ ಕ್ರೋಯ್ಡನ್

ಸಂಸ್ಥೆಯವರು ಹೋಟೆಲು ಕೊಡುತ್ತೇವೆಂದಿದ್ದರು. ಕ್ರೋಯ್ಡನ್ನಿನಲ್ಲಿ ನನ್ನ ಚಿಕ್ಕಮ್ಮನ ಮಗಳು ವೀಣಾ ಇರುವಾಗ ಹೋಟೆಲಿನಲ್ಲಿ ಇಳಿದರೆ ಚಿಕ್ಕಮ್ಮ ಜನ್ಮದಲ್ಲಿ ಮಾತಾಡುತ್ತಿರಲಿಲ್ಲ. ವೀಣಾಳ ಗಂಡ ಬಸವರಾಜ ಸ್ಟೇಷನ್ನಿಗೇ ಬಂದಿದ್ದರು. "ಬರ್ರಿ ಅಕ್ಕಾರ, ಆರಾಮ ಬಂದ್ರಿಲ್ಲೋ?" ಎಂದು ಬ್ಯಾಗು ಕಿತ್ತುಕೊಂಡರು. ಬೆಳಗಾವಿ ಕಡೆಯವರು, ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಟ್ರಾಮ್ ಯಾವುದು, ಟ್ರೇನು ಯಾವುದು, ಕೌನ್ಸಿಲಿನವರು ಕಸ ಒಯ್ಯುವ ದಿನ ಯಾವುದು ಎಲ್ಲ ಹೇಳಿ ಮುಗಿಸಿದ್ದರು.

ಫ್ಲ್ಯಾಟು ಮೇಲಿನ ಮಹಡಿಯಲ್ಲಿದೆ. ಲಿಫ್ಟಿನಲ್ಲಿ ಒಬ್ಬ ಇಂಗ್ಲಿಷ್ ಅಜ್ಜ ನಾಯಿಯ ಜೊತೆ ನಿಂತಿದ್ದರು. ನಾನು ನಮಸ್ಕಾರ ಎನ್ನುವ ಹಾಗೆ ತಲೆಬಾಗಿದೆ. ಅವರು ಗೋಡೆ ನೋಡಿದರು, ನಾಯಿ ಮಾತ್ರ ನನ್ನನ್ನು ನೋಡಿತು. ಇಳಿಯುವಾಗ ಅಜ್ಜ ಬಾಗಿಲನ್ನು ಕೈಯಿಂದ ತಡೆದು ನಿಲ್ಲಿಸಿ, ನಮ್ಮ ಅಷ್ಟೂ ಸಾಮಾನು ಹೊರಬರುವ ತನಕ ಕಾದರು. ಈ ಊರಿನವರು ಮುಖಕ್ಕೆ ಮುಖ ಕೊಟ್ಟು ಮಾತಾಡದಿದ್ದರೂ ಬಾಗಿಲು ಹಿಡಿದು ನಿಲ್ಲುತ್ತಾರೆ. ನಮ್ಮಲ್ಲಿ ಅಷ್ಟರೊಳಗೆ ನನ್ನ ಕುಲಗೋತ್ರ ಎಲ್ಲ ಕೇಳಿಯಾಗಿರುತ್ತಿತ್ತು, ಬಾಗಿಲು ಮಾತ್ರ ಬ್ಯಾಗಿಗೆ ಬಡಿಯುತ್ತಿತ್ತು.

ವೀಣಾಳ ಮಗಳು ಅನಘಾಗೆ ನನ್ನ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಸೈನ್ಯ ಹೋಗುವ ವಿಷಯ ಕೇಳಿ ಒಂದೇ ಪ್ರಶ್ನೆ ಕೇಳಿದಳು: ಹೋಗಬೇಕೆಂದಿದ್ದರೆ ಹೋಗಬಹುದಲ್ಲ, ಅದಕ್ಕೆ ಸಭೆ ಯಾಕೆ? ನಾನು ಅದಕ್ಕೇ ಇಡೀ ಒಂದು ಪುಸ್ತಕ ಬರೆದಿದ್ದೇನೆ ಎಂದೆ. ಓಕೆ ಎಂದು ಕೋಣೆಗೆ ಹೋದಳು.

ಕಿಂಗ್ಸ್‌ಬರಿ, ಭಾನುವಾರ

ಸಭೆ ಸೋಮವಾರದಿಂದ. ಭಾನುವಾರ ಕಿಂಗ್ಸ್‌ಬರಿಯಲ್ಲಿ ಬಸವರಾಜರ ಗೆಳೆಯರ ಮನೆಗೆ ಊಟಕ್ಕೆ ಕರೆದಿದ್ದರು. ಒಂದೇ ಊರಿನ ಆ ತುದಿಯಿಂದ ಈ ತುದಿಗೆ ಕಾರಿನಲ್ಲಿ ಹೋಗುವುದರಲ್ಲಿ ನಾವು ಧಾರವಾಡದಿಂದ ಬೆಳಗಾವಿ ಮುಟ್ಟುತ್ತಿದ್ದೆವು. ಮನೆ ವಿಜಯಪುರದವರದು. ಮನೆಯಾಕೆ ಶಾಂತಾ ವೈನಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿದ್ದರು. ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಮೊದಮೊದಲು ಗೋಡೆ ತಟ್ಟುತ್ತಿದ್ದರಂತೆ, ಈಗ ರೊಟ್ಟಿಯನ್ನೇ ಕೇಳಿ ಒಯ್ಯುತ್ತಾರಂತೆ.

ಊಟಕ್ಕಿಂತ ಹೊರಡುವುದು ಉದ್ದವಾಯಿತು. ಬಸವರಾಜ ಎದ್ದು, "ಬರತೇವ್ರಿ ವೈನಿ" ಎಂದರು.

"ಏನ ಅವಸರ ಐತ್ರಿ? ಈಗರ ಬಂದೀರಿ, ಕುಂಡ್ರಿ."

"ಇಲ್ರಿ, ನಾಳೆ ಡ್ಯೂಟಿ ಐತಿ."

"ಡ್ಯೂಟಿ ಓಡಿ ಹೊಕ್ಕೇತೇನ್ರಿ? ಚಾ ಇಡತೇನಿ."

ಚಹಾ ಆಯಿತು. ಮತ್ತೆ ಎದ್ದೆವು. ಮತ್ತೆ ಅದೇ ಮಾತು, ಈ ಸಲ ಬಾಗಿಲ ಹತ್ತಿರ. ಬಸವರಾಜ ಬೂಟು ಹಾಕಿಕೊಂಡು ನಿಂತೇ ವಿಜಯಪುರದ ರಾಜಕಾರಣವನ್ನೆಲ್ಲ ಕೇಳಿದರು. ಅನಘಾ ಆಗಲೇ ಕಾರಿನಲ್ಲಿ ಕೂತು ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು. ಕೊನೆಗೆ ಶಾಂತಾ ವೈನಿ ಒಳಗೆ ಹೋಗಿ, ರೊಟ್ಟಿ ಹಿಂಡಿ ಕಟ್ಟಿದ ಡಬ್ಬಿ ತಂದು ವೀಣಾಳ ಕೈಗಿಟ್ಟರು. ಆಮೇಲೆ ಯಾರೂ ಒಂದು ಮಾತೂ ಆಡಲಿಲ್ಲ. ನಾವು ಹೊರಗೆ, ಬಾಗಿಲು ಮುಚ್ಚಿತು.

"ಡಬ್ಬಿ ಬಂತಂದ್ರ ಟೈಂ ಆತು ಅಂತ ತಿಳ್ಕೊಬೇಕ್ರಿ ಅಕ್ಕಾರ," ಎಂದರು ಬಸವರಾಜ, ಕಾರು ತಿರುಗಿಸುತ್ತ. "ಅಲ್ಲಿತನಾ ಹೊಂಟೇವಿ ಅಂದ್ರೂ ಹೋದಂಗಲ್ಲ, ಕುಂಡ್ರಿ ಅಂದ್ರೂ ಕೂತಂಗಲ್ಲ."

ವಿಕ್ಟೋರಿಯಾ, ಸೋಮವಾರ

ಈಸ್ಟ್ ಕ್ರೋಯ್ಡನ್ನಿನಿಂದ ವಿಕ್ಟೋರಿಯಾಕ್ಕೆ ನೇರ ಟ್ರೇನು. ಬೆಳಗಿನ ಬೋಗಿಯಲ್ಲಿ ಅಷ್ಟೊಂದು ಜನ, ಒಂದು ಪಿಸುಮಾತಿಲ್ಲ. ನಾನು ಒಬ್ಬರ ಕಾಲು ತುಳಿದೆ, ಅವರೇ ಸಾರಿ ಎಂದರು. ತುಳಿದವಳು ನಾನು ಎಂದು ಹೇಳಿದ್ದಕ್ಕೆ ಮತ್ತೊಮ್ಮೆ ಸಾರಿ ಎಂದರು. ಮೂರನೆಯ ಸಲ ಅನ್ನಿಸುವುದು ಬೇಡವೆಂದು ಸುಮ್ಮನಾದೆ.

ಸಭೆಯ ಮನೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಮೊದಲ ಬೆಳಗು ಒಳಗೆ ಬರುವುದರಲ್ಲೇ ಕಳೆಯಿತು. ಎರಡು ಕಡೆಯವರು ಒಂದೇ ಲಿಫ್ಟಿನಲ್ಲಿ ಬರಬಾರದು, ಒಬ್ಬರಿಗಿಂತ ಒಬ್ಬರು ಮೊದಲು ಕೋಣೆ ಸೇರಲೂಬಾರದು. ಒಂದು ಕಡೆಯವರು ಲಿಫ್ಟಿನಲ್ಲಿ ಬಂದರೆ ಇನ್ನೊಂದು ಕಡೆಯವರು ಮೆಟ್ಟಿಲೇರಿ ಬರಲಿ, ಇಬ್ಬರೂ ಒಟ್ಟಿಗೆ ಮುಟ್ಟಲಿ ಎಂದು ಲೆಕ್ಕ ಹಾಕಿದ್ದರು. ಲಿಫ್ಟು ನಿಧಾನದ್ದು. ಮೆಟ್ಟಿಲಿನವರು ಮೊದಲು ಮುಟ್ಟಿ, ಬಾಗಿಲ ಹೊರಗೆ ಏದುಸಿರು ಬಿಡುತ್ತ ಲಿಫ್ಟಿಗೆ ಕಾಯುತ್ತ ನಿಂತರು. ನಮ್ಮ ಕಡೆ ಬೀಗರನ್ನು ಎದುರುಗೊಳ್ಳುವಾಗಲೂ ಇಂಥದೇ ಪೇಚಾಟವಿರುತ್ತದೆ, ಆದರೆ ಅಲ್ಲಿ ಬಾಜಾಬಜಂತ್ರಿಯವರಾದರೂ ಇರುತ್ತಾರೆ.

ಸಭೆ ನಡೆಸುತ್ತಿದ್ದ ಅಧ್ಯಕ್ಷೆ ಇಂಗ್ಲಿಷ್ ಹೆಂಗಸು, ಬಿಳಿ ತಲೆ, ತಗ್ಗಿದ ದನಿ. ಅವರು ಯಾರಿಗೂ ಬೇಡ ಎನ್ನುತ್ತಿರಲಿಲ್ಲ. ಯಾರ ಮಾತು ನಿಲ್ಲಿಸಬೇಕೋ ಅವರಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಎರಡು ಸಲ ಥ್ಯಾಂಕ್ಸ್ ಹೇಳಿದರೆ ಅವರ ಮಾತು ಅಲ್ಲಿಗೆ ಮುಗಿದಂತೆ. ಮಧ್ಯಾಹ್ನದೊಳಗೆ ಎಲ್ಲರೂ ಅದನ್ನು ಕಲಿತಿದ್ದೆವು.

ವಿಷಯ ಇಷ್ಟೇ. ಸೈನ್ಯ ಹೋಗಬೇಕು ಎಂಬುದನ್ನು ಎರಡೂ ದೇಶ ಒಪ್ಪಿವೆ. ಯಾವಾಗ ಎಂಬುದನ್ನು ಒಪ್ಪಿಲ್ಲ. ಈ ಬುಧವಾರದೊಳಗೆ ತಿಂಗಳು ನಿಗದಿಯಾಗದಿದ್ದರೆ ಸೈನ್ಯದ ಅವಧಿ ತಾನಾಗಿಯೇ ಮುಂದಕ್ಕೆ ಹೋಗುತ್ತದೆ, ಮತ್ತೆ ವರ್ಷಗಟ್ಟಲೆ ಈ ಮಾತು ಎತ್ತುವ ಹಾಗಿಲ್ಲ. ಜನರಲ್ ಸಾಹೇಬರ ಕಡೆಯವರಿಗೆ ಪ್ರೀತಿಯ ಮಾತೊಂದಿತ್ತು, 'ಪರಿಸ್ಥಿತಿ ನೋಡಿಕೊಂಡು' ಎಂದು. ಹೊರಡುತ್ತೇವೆ, ಪರಿಸ್ಥಿತಿ ನೋಡಿಕೊಂಡು. ಗಾಡಿಗಳನ್ನು ಸಾಗಿಸುತ್ತೇವೆ, ಪರಿಸ್ಥಿತಿ ನೋಡಿಕೊಂಡು. ನಮ್ಮ ಅಡುಗೆಮನೆಯ ಕಪಾಟು ಮಾಡಲು ಒಪ್ಪಿಕೊಂಡಿರುವ ಬಡಿಗನೂ ಹೀಗೇ ಹೇಳುತ್ತಾನೆ, ಅದಕ್ಕೇ ಡಬ್ಬಗಳೆಲ್ಲ ಇನ್ನೂ ನೆಲದ ಮೇಲಿವೆ.

ಅಮೀನಾ ಹೆಚ್ಚು ಮಾತಾಡಲಿಲ್ಲ. ನನ್ನ ವಯಸ್ಸಿನವರು, ಹೆಣ್ಣುಮಕ್ಕಳ ಶಾಲೆ ನಡೆಸಿದವರು, ಈಗ ಅವರ ಸರಕಾರಕ್ಕೆ ಸಲಹೆಗಾರರು. ಅವರ ಸರದಿ ಬಂದಾಗ ಸೈನ್ಯದ ನೆಲೆಯ ನಕಾಶೆಯ ಮೇಲೆ ಬೆರಳಿಟ್ಟು, "ನಿಮ್ಮ ಬೇಲಿಯ ಒಳಗೆ ಈ ಚೌಕ ಇದೆಯಲ್ಲ, ಇದು ನನ್ನ ಮನೆ," ಎಂದರು. "ನಾನು ಬೇಲಿಯ ಹೊರಗೆ ಬೇಕರಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ನನ್ನ ಅಂಗಳದ ಮರದ ತುದಿ ಅಲ್ಲಿಂದ ಕಾಣುತ್ತದೆ. ನಾನು ಬಂದಿರುವುದು ನನ್ನ ದೇಶದ ಪರವಾಗಿ. ಆದರೆ ಇದನ್ನು ಮುಚ್ಚಿಟ್ಟರೆ ಸರಿಯಲ್ಲ, ಅದಕ್ಕೇ ಹೇಳುತ್ತಿದ್ದೇನೆ." ಅಧ್ಯಕ್ಷೆ ಥ್ಯಾಂಕ್ಸ್ ಎಂದರು, ಒಂದೇ ಸಲ.

ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಸ್ಯಾಂಡ್‌ವಿಚ್. ಸೌತೆಕಾಯಿಯ ಒಂದು ಪದರ, ಅದರ ಮೇಲೆ ನೀರಾದ ಬೆಣ್ಣೆ. ಎರಡೂ ಕಡೆಯವರು ಕಚ್ಚಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪ್ಲೇಟು ಕೆಳಗಿಟ್ಟರು. ಆ ದಿನ ಎರಡು ದೇಶಗಳು ಒಪ್ಪಿದ್ದು ಅದೊಂದನ್ನೇ.

ಚಹಾದ ಮೇಜು

ಸಂಜೆ ಚಹಾಕ್ಕೆ ಎದ್ದಾಗ ಕೋಣೆ ಸ್ವಲ್ಪ ಸಡಿಲವಾಗಿತ್ತು. ಅಲ್ಲಿ ಚಹಾ ಯಾರೂ ತಂದುಕೊಡುವುದಿಲ್ಲ, ನಾವೇ ಬಗ್ಗಿಸಿಕೊಳ್ಳಬೇಕು. ನನಗೆ ಅದು ಸರಿಬರಲಿಲ್ಲ. ಕೆಟಲು ನನ್ನ ಕೈಯಲ್ಲಿದ್ದದ್ದರಿಂದ ಪಕ್ಕದವರಿಗೂ ಬಗ್ಗಿಸುತ್ತ ಹೋದೆ, ಮನೆಗೆ ಜನ ಬಂದಾಗ ಮಾಡಿದ ಹಾಗೆ. ಮೂರನೆಯದೋ ನಾಲ್ಕನೆಯದೋ ಕಪ್ಪು ಜನರಲ್ ಸಾಹೇಬರದು. ದೊಡ್ಡ ಆಳು, ಕೈಯಲ್ಲಿ ಕಪ್ಪು ಆಟದ ಸಾಮಾನಿನ ಹಾಗೆ ಕಾಣುತ್ತಿತ್ತು. ಒಂದು ಗುಟುಕು ಕುಡಿದು ಉಸಿರುಬಿಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದರು: "ನಿಜ ಹೇಳಬೇಕೆಂದರೆ ನಮಗೂ ಸಾಕಾಗಿದೆ. ನಾವು ಹೊರಡುತ್ತೇವೆ."

ಇಡೀ ದಿನ ಯಾರೂ ಅವರ ಬಾಯಿಂದ ಹೊರಡಿಸಲಾಗದ ಮಾತು ಅದು. ಅಮೀನಾ ಕಿಟಕಿಯ ಹತ್ತಿರದಿಂದ ತಿರುಗಿದರು. ಅಧ್ಯಕ್ಷೆ ಚಮಚ ಕೆಳಗಿಟ್ಟರು.

ನಾನು ಅವರ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸುತ್ತ, "ಅಯ್ಯೋ, ಏನವಸರ? ಇನ್ನಷ್ಟು ದಿನ ಇರಿ," ಎಂದೆ.

ಅದೂ ಸ್ವಚ್ಛ ಇಂಗ್ಲಿಷಿನಲ್ಲಿ. ಯಾರಾದರೂ ಹೊರಡುತ್ತೇವೆ ಎಂದರೆ ನನ್ನ ಬಾಯಿ ಅರವತ್ತು ವರ್ಷದಿಂದ ಹೇಳಿಕೊಂಡು ಬಂದ ಉತ್ತರ ಅದು. ಬಾಡಿಗೆ ಕೇಳಲು ಬಂದ ಮನೆ ಮಾಲೀಕರಿಗೂ ಹೇಳಿದ್ದೇನೆ. ಅದು ಬಾಯಿಂದ ಬರುತ್ತದೆ, ತಲೆಯಿಂದಲ್ಲ. ಆದರೆ ಆ ಕೋಣೆಯಲ್ಲಿ ಅದನ್ನು ಹೇಳಿದ್ದು ಪರದೇಶದ ಸೈನ್ಯಗಳ ವಾಪಸಾತಿಯ ಮೇಲೆ ಪುಸ್ತಕ ಬರೆದ ನಿಷ್ಪಕ್ಷ ವಿದ್ವಾಂಸೆ. ಜನರಲ್ ಸಾಹೇಬರು ಹುಬ್ಬೇರಿಸಿದರು. ಅವರ ಸಹಾಯಕ, ತೆಳ್ಳಗಿನ ಚುರುಕು ಅಧಿಕಾರಿ, ಜೇಬಿನಿಂದ ಪೆನ್ನು ತೆಗೆದ. ಅಮೀನಾ ನನ್ನನ್ನು ನೋಡಿದ ನೋಟಕ್ಕೆ ಕೆಟಲು ಕೈಯಲ್ಲಿ ಭಾರವಾಯಿತು.

ಮಂಗಳವಾರ, ಮೆಟ್ಟಿಲ ಮೇಲೆ

ಮರುದಿನ ಬೆಳಿಗ್ಗೆ ಸೈನ್ಯದವರ ಕಡೆಯಿಂದ ಒಂದು ಹೇಳಿಕೆ ಓದಲಾಯಿತು. ನಿಷ್ಪಕ್ಷ ಸದಸ್ಯರೊಬ್ಬರು ಕೂಡ ಅವಸರ ಬೇಡ, ಇನ್ನಷ್ಟು ಕಾಲ ಇರುವುದು ಒಳ್ಳೆಯದು ಎಂಬ ಅಭಿಪ್ರಾಯ ಕೊಟ್ಟಿರುವುದನ್ನು ತಾವು ಗಮನಿಸಿದ್ದಾಗಿ ಅದರಲ್ಲಿತ್ತು. ನಾನು ಎದ್ದು, ಅದು ಅಭಿಪ್ರಾಯವಲ್ಲ, ನಮ್ಮ ಕಡೆಯ ಮರ್ಯಾದೆಯ ಮಾತು, ಬಂದವರಿಗೆಲ್ಲ ಹೇಳುತ್ತೇವೆ ಎಂದು ವಿವರಿಸಿದೆ. ಸಹಾಯಕ ನಕ್ಕು, "ಆ ಮರ್ಯಾದೆಯನ್ನು ನಾವು ಗೌರವಿಸುತ್ತೇವೆ," ಎಂದ. ಹೇಳಿಕೆ ಹಾಗೇ ಉಳಿಯಿತು. ಅಧ್ಯಕ್ಷೆ ನನಗೆ ಥ್ಯಾಂಕ್ಸ್ ಎಂದರು. ಮತ್ತೊಮ್ಮೆ ಥ್ಯಾಂಕ್ಸ್ ಎಂದರು.

ಆ ದಿನ ಮಾತು ಒಂದಿಂಚೂ ಮುಂದೆ ಸರಿಯಲಿಲ್ಲ. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ನನ್ನದೇನು, ಗುರುವಾರ ವಿಮಾನ ಹತ್ತುತ್ತೇನೆ. ಅಮೀನಾ ಮತ್ತೆ ಬೇಕರಿಯ ಮೇಲಿನ ಕೋಣೆಗೆ ಹೋಗಿ ಮರದ ತುದಿ ನೋಡುತ್ತ ಕೂರಬೇಕು.

ಸಂಜೆ ಅವರು ಮೆಟ್ಟಿಲ ಮೇಲೆ ಸಿಕ್ಕರು. ಲಿಫ್ಟು ಆಗ ಎದುರು ಪಕ್ಷದ ಪಾಲಿನದಾಗಿತ್ತು. ನಾನು ಕ್ಷಮೆ ಕೇಳಿದೆ. ಅವರು ಕಂಬಿ ಹಿಡಿದು ನಿಂತರು.

"ನೀವು ಹೇಳಿದ್ದು ಯಾಕೆಂದು ನನಗೆ ಅಲ್ಲೇ ಗೊತ್ತಾಯಿತು," ಎಂದರು. "ಅದಕ್ಕೇ ಹೆಚ್ಚು ಸಿಟ್ಟು ಬಂತು. ನಮ್ಮಲ್ಲೂ ಅತಿಥಿ ಎದ್ದರೆ ಮೂರು ಸಲ ಕೂರಿಸಬೇಕು. ಹಿಂದೊಮ್ಮೆ ಈ ಸೈನ್ಯ ಹೊರಡುತ್ತೇವೆಂದು ಹೇಳಲು ಬಂದಿತ್ತು, ಗೊತ್ತೇ? ಆಗಿನ ನಮ್ಮ ಮಂತ್ರಿ ಹಳೇ ಕಾಲದ ಮುದುಕರು, ಒಳ್ಳೆಯ ಮನೆಯವರು. ಇಷ್ಟು ಬೇಗ ಯಾಕೆ, ನೀವು ಇನ್ನೂ ಸರಿಯಾಗಿ ಊಟ ಕೂಡ ಮಾಡಿಲ್ಲವಲ್ಲ ಎಂದುಬಿಟ್ಟರು. ಸೈನ್ಯದವರು ಮತ್ತೆ ಹೇಳುತ್ತಾರೆ, ಇನ್ನೊಮ್ಮೆ ತಡೆಯೋಣ, ಆಮೇಲೆ ಕಳಿಸೋಣ ಎಂದು ಮುದುಕರು ಕಾದರು. ಅವರು ಮತ್ತೆ ಹೇಳಲೇ ಇಲ್ಲ. ನಿಮ್ಮ ಕೋರಿಕೆಯ ಮೇರೆಗೇ ಉಳಿದಿದ್ದೇವೆ ಎಂದರು."

ನನಗೆ ನಗು ಬಂತು, ನಗುವ ಹೊತ್ತು ಅದಲ್ಲವೆಂದು ತಡೆದುಕೊಂಡೆ. ಆದರೆ ಅವರೇ ಅರೆಮನಸ್ಸಿನಿಂದ ನಕ್ಕರು. "ನಿಮ್ಮ ಊರಿನಲ್ಲಿ ಹಾಗಾದರೆ ಅತಿಥಿಗಳು ಹೋಗುವುದಾದರೂ ಹೇಗೆ?" ಎಂದು ಕೇಳಿದರು.

ಉತ್ತರ ಸಿಕ್ಕಿದ್ದು ಕ್ರೋಯ್ಡನ್ನಿನ ಊಟದ ಮೇಜಿನಲ್ಲಿ. ನಡೆದದ್ದನ್ನೆಲ್ಲ ಊರು ಹೆಸರಿಲ್ಲದೆ ಹೇಳಿದೆ. ವೀಣಾ ಸಾರಿನ ಸೌಟು ಹಿಡಿದುಕೊಂಡೇ ನಕ್ಕಳು. "ಅಕ್ಕಾ, ಸೈನ್ಯಕ್ಕೂ ಹಂಗ ಅಂದೇನು? ಅವ್ವಗ ಹೇಳೇ ಬಿಡತೇನಿ ನೋಡ!"

"ಅಂದದ್ರಾಗ ತಪ್ಪೇನೈತಿ?" ಎಂದರು ಬಸವರಾಜ. "ಅಕ್ಕಾರು ಡಬ್ಬಿ ಕೊಡೂದ ಮರತಾರ ಅಷ್ಟ. ಕುಂಡ್ರಿ ಅಂದ ಮ್ಯಾಲೆ ಡಬ್ಬಿ ತಂದ ಕೈಯಾಗ ಇಡಬೇಕಿತ್ತು, ತಾವ ಎದ್ದ ಹೊಕ್ಕಿದ್ರು."

ಅವರು ಹೇಳಿದ್ದು ತಮಾಷೆಗೆ. ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ.

ಅದೇ ಮನೆ, ಬುಧವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೆಟ್ಟಿಲ ಬುಡದಲ್ಲಿ ಅಮೀನಾಗೆ ಕಾದೆ. ನಮ್ಮಲ್ಲಿ ಬುತ್ತಿ ಕಟ್ಟುತ್ತಾರೆ ಎಂದೆ. ದಾರಿಗೆ ಅನ್ನವೋ ರೊಟ್ಟಿಯೋ ಕಟ್ಟಿ ಕೈಗೆ ಕೊಟ್ಟ ಮೇಲೆ ಇರಿ ಎಂದು ಮನೆಯವರು ಅನ್ನುವುದಿಲ್ಲ, ಇರುತ್ತೇವೆ ಎಂದು ಬಂದವರೂ ಅನ್ನುವುದಿಲ್ಲ. ಕಟ್ಟಿದ ಬುತ್ತಿಯನ್ನು ಅದೇ ಮನೆಯಲ್ಲಿ ಬಿಚ್ಚುವ ಪದ್ಧತಿಯೇ ಇಲ್ಲ. ಹೋಗಿ ಎಂದು ಹೇಳದೆ ಕಳಿಸುವ ದಾರಿ ನಮಗೆ ಗೊತ್ತಿರುವುದು ಅದೊಂದೇ.

ಅಮೀನಾ ತಲೆಯ ಮೇಲಿನ ಬಟ್ಟೆ ಸರಿಪಡಿಸಿಕೊಂಡು, "ನಮ್ಮಲ್ಲಿ ಹಣ್ಣು ಕಟ್ಟುತ್ತೇವೆ," ಎಂದರು.

ಕಾರ್ಯಸೂಚಿಯ ಕಟ್ಟಕಡೆಯಲ್ಲಿ, ಸಮಯ ಉಳಿದರೆ ಎಂಬ ಒಕ್ಕಣೆಯೊಡನೆ, ಬೀಳ್ಕೊಡುಗೆ ಸಮಾರಂಭ ಎಂಬ ವಿಷಯವೊಂದಿತ್ತು. ಅದನ್ನೇ ಮೊದಲು ತೆಗೆದುಕೊಳ್ಳೋಣವೇ ಎಂದು ನಾನು ಕೇಳಿದೆ. ನನಗೆ ಹಿಂದಿನ ದಿನ ಎರಡು ಥ್ಯಾಂಕ್ಸ್ ಬಿದ್ದಿದ್ದವು, ಮೂರನೆಯದಕ್ಕೆ ತಯಾರಾಗಿದ್ದೆ. ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. ಅಷ್ಟು ನಿರುಪದ್ರವಿ ವಿಷಯವನ್ನು ಬೇಡವೆನ್ನಲು ಯಾರಿಗೂ ಕಾರಣ ಸಿಗಲಿಲ್ಲ.

ಜನರಲ್ ಸಾಹೇಬರು ಎರಡು ದಿನದಲ್ಲಿ ಮೊದಲ ಬಾರಿಗೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಬಾವುಟ ಇಳಿಸುವುದು ಹೇಗೆ, ಬ್ಯಾಂಡು ಯಾವ ಕಡೆ ನಿಲ್ಲಬೇಕು, ಕೊನೆಯ ಗಾಡಿ ಯಾವ ಗೇಟಿನಿಂದ ಹೊರಡಬೇಕು ಎಂಬುದರ ಬಗ್ಗೆ ಅವರಿಗೆ ಬಹಳ ವಿಚಾರಗಳಿದ್ದವು. ಸೈನ್ಯ ತಲೆತಗ್ಗಿಸಿ ಹಿತ್ತಲ ಬಾಗಿಲಿಂದ ಹೋದ ಹಾಗೆ ಕಾಣಬಾರದು. ನನ್ನ ಪುಸ್ತಕದಲ್ಲಿ ಒಂದು ಅಧ್ಯಾಯವಿಡೀ ಬರೆದಿದ್ದರೂ ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಆಗಲೇ. ಅವರು ಹೋಗಲಾರದೆ ಕೂತಿರಲಿಲ್ಲ, ಹೇಗೆ ಏಳಬೇಕೆಂದು ತಿಳಿಯದೆ ಕೂತಿದ್ದರು.

ಅವರು ಹೇಳಿ ಮುಗಿಸಿದ ಮೇಲೆ ಅಮೀನಾ, "ಬ್ಯಾಂಡು ನಿಮ್ಮದು, ಊಟ ನಮ್ಮದು," ಎಂದರು. "ನಮ್ಮ ಊರಿನಿಂದ ಯಾರೂ ಬರೀ ಹೊಟ್ಟೆಯಲ್ಲಿ ಹೋಗಿಲ್ಲ. ನನ್ನ ಅಂಗಳದಲ್ಲಿ ಹಾಸಿ ಬಡಿಸುತ್ತೇವೆ, ಹಿಪ್ಪುನೇರಳೆ ಮರದ ಕೆಳಗೆ."

"ಆ ಮರ!" ಎಂದರು ಜನರಲ್ ಸಾಹೇಬರು, ಮೇಜು ಕುಟ್ಟಿ. "ಅದು ನಿಮ್ಮದೇ? ನಾನು ಅಲ್ಲಿ ಎರಡು ಸಲ ಇದ್ದೆ. ಅದರ ಹಣ್ಣು ರಾತ್ರಿಯೆಲ್ಲ ಮೆಸ್ಸಿನ ತಗಡಿನ ಮೇಲೆ ಬೀಳುತ್ತದೆ. ಒಗೆದ ಬಟ್ಟೆ, ಜೀಪು, ಏನನ್ನೂ ಬಿಟ್ಟಿಲ್ಲ. ನನ್ನ ಒಂದು ಅಂಗಿ ಇವತ್ತಿಗೂ ನೇರಳೆ ಬಣ್ಣದ್ದಿದೆ."

"ತಿಂದಿದ್ದೀರಾ?"

ಸಾಹೇಬರು ಸ್ವಲ್ಪ ನಾಚಿದರು. "ಟೋಪಿ ತುಂಬ ಆರಿಸಿಕೊಂಡು ತಿಂದಿದ್ದೇನೆ."

ನಮ್ಮ ಕಡೆ ಹಿಪ್ಪುನೇರಳೆ ಎಂದರೆ ರೇಷ್ಮೆ ಹುಳುವಿಗೆ ಹಾಕುವ ಸೊಪ್ಪು. ಅದರ ಹಣ್ಣಿಗಾಗಿ ಅಂಗಳದಲ್ಲಿ ಮರ ಬೆಳೆಸುವವರನ್ನು ನಾನು ನೋಡಿರಲಿಲ್ಲ. ಹಣ್ಣು ಬಹಳ ದಿನ ನಿಲ್ಲುವುದಿಲ್ಲ, ಕಿತ್ತಿಟ್ಟರೆ ಕೊಳೆಯುತ್ತದೆ, ಕೀಳದಿದ್ದರೆ ಉದುರುತ್ತದೆ ಎಂದು ಅಮೀನಾ ವಿವರಿಸಿದರು. ಊಟವಾದ ಮೇಲೆ ಪ್ರತಿಯೊಬ್ಬ ಸೈನಿಕನಿಗೂ ಒಂದೊಂದು ಬಟ್ಟೆಯಲ್ಲಿ ಹಣ್ಣು ಕಟ್ಟಿ ಕೊಡುತ್ತೇವೆ, ದಾರಿಗೆ, ಎಂದರು.

"ಯಾವಾಗ ಹಣ್ಣಾಗುತ್ತದೆ?" ಎಂದು ಅಧ್ಯಕ್ಷೆ ಕೇಳಿದರು, ಬಹಳ ಮೆಲ್ಲಗೆ.

"ಜೂನ್ ಮೊದಲಲ್ಲಿ."

"ಹೌದು, ಜೂನೇ," ಎಂದರು ಜನರಲ್ ಸಾಹೇಬರು. "ಹಾಗಾದರೆ ಜೂನ್ ಮೊದಲಲ್ಲಿ ಊಟ."

ಸಹಾಯಕ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಪರಿಸ್ಥಿತಿ ಎಂಬ ಮಾತು ನಮಗೂ ಕೇಳಿಸಿತು. ಸಾಹೇಬರು ಅವನ ಕಡೆ ತಿರುಗದೆ, "ಹಣ್ಣು ಪರಿಸ್ಥಿತಿ ನೋಡಿಕೊಂಡು ಬೀಳುವುದಿಲ್ಲ," ಎಂದರು.

ಆಮೇಲಿನದು ಬರೀ ಹಿಂದಕ್ಕೆ ಎಣಿಸುವ ಕೆಲಸ. ಜೂನಿನಲ್ಲಿ ಊಟವಾದರೆ ದೊಡ್ಡ ಗಾಡಿಗಳು ಮೇ ತಿಂಗಳೊಳಗೆ ಬಂದರು ಮುಟ್ಟಬೇಕು, ಅದಕ್ಕೆ ಮೊದಲು ಆಸ್ಪತ್ರೆಯನ್ನು ಊರಿನವರಿಗೆ ಒಪ್ಪಿಸಬೇಕು, ಅದಕ್ಕೂ ಮೊದಲು ದಾರಿಯ ಸೇತುವೆ ಗಟ್ಟಿ ಮಾಡಬೇಕು. ಮಧ್ಯಾಹ್ನದ ಸ್ಯಾಂಡ್‌ವಿಚ್ಚನ್ನು ಯಾರೂ ಮುಟ್ಟಲಿಲ್ಲ, ಮಾತು ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ. ಸಂಜೆ ಎರಡೂ ಕಡೆಯವರು ಒಂದೇ ಲಿಫ್ಟಿನಲ್ಲಿ ಇಳಿದರು. ಅದು ಸಂಧಿಯ ಲಕ್ಷಣವೆಂದು ಬರೆಯುವ ಆಸೆಯಿತ್ತು. ನಿಜವೆಂದರೆ ಮಳೆ ಬರುತ್ತಿತ್ತು, ಎಲ್ಲರಿಗೂ ಟ್ಯಾಕ್ಸಿಯ ಧಾವಂತ.

ಹೊರಡುವ ಮುಂಚೆ ಅಮೀನಾ ನನ್ನ ಎರಡೂ ಕೈ ಹಿಡಿದುಕೊಂಡರು. ಅವರಿಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಿತ್ತು. "ಜೂನಿನ ತನಕ ನಂಬುವುದಿಲ್ಲ," ಎಂದರು. ನಂಬಬೇಡಿ ಎಂದೆ ನಾನೂ. ಇಂಥ ಸಭೆಗಳ ಬಗ್ಗೆ ಓದಿಕೊಂಡವರು ಬೇರೆ ಏನು ಹೇಳಲು ಸಾಧ್ಯ?

ಮತ್ತೆ ಈಸ್ಟ್ ಕ್ರೋಯ್ಡನ್

ಗುರುವಾರ ವೀಣಾ ರಜೆ ಹಾಕಿದ್ದಳು. "ಏನ ಅವಸರ ಐತಿ ಅಕ್ಕಾ? ಇನ್ನೊಂದ ವಾರ ಇರು. ಸಟನ್‌ದಾಗ ನಮ್ಮ ಗೆಳತ್ಯಾರು ಅದಾರ, ಭೆಟ್ಟಿ ಆಗಬೇಕಂತಾರ." ನಾನು ಇಲ್ಲವೆಂದೆ, ಅವಳು ಇರು ಎಂದಳು, ನಾನು ಟಿಕೆಟ್ಟು ತೋರಿಸಿದೆ, ಅವಳು ಟಿಕೆಟ್ಟು ಬದಲಿಸಬಹುದು ಎಂದಳು. ಅವಳ ಕಣ್ಣಲ್ಲಿ ನೀರೂ ಇತ್ತು. ಅಷ್ಟು ಹೊತ್ತಿಗೆ ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಕಣ್ಣು ಬಿತ್ತು. ಸ್ಟೀಲಿನ ಡಬ್ಬಿ, ಮುಚ್ಚಳದ ಸುತ್ತ ರಬ್ಬರು, ಪಕ್ಕದಲ್ಲಿ ಚಮಚ. ನಾನು ಎದ್ದು ಬೂಟು ಹಾಕಿಕೊಂಡೆ.

ಅನಘಾ ಬಾಗಿಲಿಗೆ ಒರಗಿ ಎಲ್ಲ ನೋಡುತ್ತಿದ್ದಳು. "ಬಾಕ್ಸ್ ಬಂತಲ್ಲ," ಎಂದಳು, ಕನ್ನಡದಲ್ಲಿ. ಆ ವಾರವಿಡೀ ನಾನು ಅವಳಿಂದ ಕೇಳಿದ ಕನ್ನಡ ಅದಷ್ಟೇ.

ಧಾರವಾಡ

ಬಂದು ಬಹಳ ದಿನ ಸುದ್ದಿಯಿರಲಿಲ್ಲ. ಪತ್ರಿಕೆಯ ಒಳಪುಟಗಳಲ್ಲಿ ಆ ದೇಶದ ಹೆಸರು ಬಂದಾಗಲೆಲ್ಲ ಎರಡೆರಡು ಸಲ ಓದುತ್ತಿದ್ದೆ. ಮೇ ತಿಂಗಳಲ್ಲಿ ಒಮ್ಮೆ ಎಲ್ಲ ಮುರಿದುಬಿತ್ತು ಎಂದೇ ಬರೆದಿದ್ದರು. ನಾನು ನಂಬಿದೆ. ಬಡಿಗನ ಮೇಲೆ ಸುಮ್ಮನೆ ರೇಗಿದೆ.

ಜೂನಿನಲ್ಲಿ ಒಂದು ಮಧ್ಯಾಹ್ನ ಅಮೀನಾರ ಸಂದೇಶ ಬಂತು. ಜೊತೆಗೊಂದು ಫೋಟೋ. ಬಾಗಿಲುಗಳಿಲ್ಲದ ಒಂದು ಮನೆ, ಅಂಗಳದಲ್ಲಿ ಉದ್ದಕ್ಕೆ ಹಾಸಿದ ಜಮಖಾನೆ, ಅದರ ಮೇಲೆಲ್ಲ ನೇರಳೆ ಕಲೆ. ಜನ ಯಾರೂ ಇಲ್ಲ. ಫೋಟೋ ತೆಗೆಯುವ ಹೊತ್ತಿಗೆ ಹೋದವರು ಹೋಗಿಯಾಗಿತ್ತು.

"ಬ್ಯಾಂಡು ಬಾರಿಸಿದರು, ಸುಮಾರಾಗಿತ್ತು," ಎಂದು ಬರೆದಿದ್ದರು. "ಊಟ ಚೆನ್ನಾಗಿ ಮಾಡಿದರು. ಗಂಟು ಕಟ್ಟಿ ಇಟ್ಟಿದ್ದೆವು. ನಿಮ್ಮ ಜನರಲ್ ಸಾಹೇಬರು ಮರದ ಬುಡದಿಂದ ಎದ್ದು, ಬಟ್ಟೆ ಕೊಡವಿಕೊಂಡು, ಸರಿ, ನಾವಿನ್ನು ಹೊರಡುತ್ತೇವೆ ಎಂದರು. ಎಷ್ಟು ವರ್ಷ ಈ ಮಾತಿಗೆ ಕಾದಿದ್ದೆ, ನಿಮಗೆ ಗೊತ್ತು. ಆದರೆ ಅವರು ಅದನ್ನು ಹೇಳಿದ ಕೂಡಲೇ ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತು, ಏನವಸರ, ಇನ್ನು ಸ್ವಲ್ಪ ಕೂತು ಹೋಗಿ ಎಂದು. ನನ್ನ ತಾಯಿಯಾಗಿದ್ದರೆ ಹೇಳಿಯೇಬಿಡುತ್ತಿದ್ದಳು. ನಾನು ಗಂಟನ್ನು ಅವರ ಕೈಗೆ ಕೊಟ್ಟು, ನನ್ನ ಬಾಯಿಗೆ ಒಂದು ಹಿಡಿ ಹಣ್ಣು ತುಂಬಿಕೊಂಡೆ. ಕೊನೆಯ ಗಾಡಿ ತಿರುವು ದಾಟುವ ತನಕ ಅಗಿಯುತ್ತಲೇ ಇದ್ದೆ."